ಅಕ್ಕನ ರಕ್ತ ಬೇಡವೆಂದ ದಿನ

ನನ್ನ ಎರಡನೆಯ ಮಗು ಹುಟ್ಟಿದ ಮಾರನೆಯ ದಿನವೇ ಹಳದಿಯಾಗತೊಡಗಿತ್ತು. ಹೊನ್ನಾಳಿಯ ತವರುಮನೆಯ ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಲೋಬಾನದ ಹೊಗೆ ಹಾಕಿದ್ದರಿಂದ ಆ ಮಬ್ಬಿನಲ್ಲಿ ಬಣ್ಣ ತಿಳಿಯುತ್ತಿರಲಿಲ್ಲ. ಎರೆಯಲು ಬಂದ ಅಜ್ಜಿ ಕೂಸನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದಾಗಲೇ ನಾನು ನೋಡಿದ್ದು. ಕಣ್ಣಿನ ಬಿಳಿ, ಮೂಗಿನ ತುದಿ, ಅಂಗಾಲು, ಎಲ್ಲವೂ ಒಂದೇ ಬಣ್ಣ. "ಬಸಿರಿನಾಗೆ ಅರಿಷಿಣ ಜಾಸ್ತಿ ತಿಂದೀಯೇನವ್ವ?" ಎಂದಳು ಅಜ್ಜಿ. ವಾರ ತುಂಬುವ ಮೊದಲೇ ಮಗು ಹೋಯಿತು.

ಮೊದಲ ಮಗ ಗುಂಡುಕಲ್ಲಿನಂತೆ ಬೆಳೆಯುತ್ತಿದ್ದ. ಹಾಗಿರುವಾಗ ಎರಡನೆಯದಕ್ಕೆ ಹೀಗೇಕಾಯಿತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ದೃಷ್ಟಿ ತಾಗಿತು, ಬಾಲಗ್ರಹ, ನಾನು ಗ್ರಹಣ ನೋಡಿದ್ದೆ. ನಾನು ನೋಡಿರಲಿಲ್ಲ. ಆದರೆ ನೋಡಿರಬಹುದೇನೋ ಎಂದು ನನಗೇ ಅನುಮಾನ ಬರುವಷ್ಟು ಸಲ ಹೇಳಿದರು. ಶಿವಮೊಗ್ಗದ ಕಾನ್ವೆಂಟಿನಲ್ಲಿ ಹೃದಯದ ಚಿತ್ರಕ್ಕೆ ಒಂದು ಪಕ್ಕ ನೀಲಿ, ಒಂದು ಪಕ್ಕ ಕೆಂಪು ಪೆನ್ಸಿಲ್ ಹಚ್ಚಿ ಮದರ್ ಕೈಯಿಂದ 'ಗುಡ್' ಬರೆಸಿಕೊಂಡವಳು ನಾನು. ಗೆರೆ ದಾಟದಂತೆ ಬಣ್ಣ ತುಂಬುವುದು ಬರುತ್ತಿತ್ತು. ಆ ಕೆಂಪಿನೊಳಗೆ ಏನಿರುತ್ತದೆ ಎಂದು ಕೇಳುವುದು ಹೊಳೆದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಮತ್ತೆ ಬಸಿರಾದೆ. ಚನ್ನಗಿರಿಯಲ್ಲಿ ನಮ್ಮವರದು ಬಟ್ಟೆ ಅಂಗಡಿ. ಅವರು ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟು, ನನ್ನನ್ನು ಬಸ್ಸಿನಲ್ಲಿ ದಾವಣಗೆರೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಇಬ್ಬರ ರಕ್ತವನ್ನೂ ತೆಗೆಸಿ ನೋಡಿದರು. ಹಳದಿ ಮಗುವಿನ ಸುದ್ದಿ ಕೇಳುವಾಗ ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದ್ದು ನೆನಪಿದೆ.

"ನಿಮ್ಮದು ಓ ನೆಗೆಟಿವ್. ನಿಮ್ಮ ಯಜಮಾನರದು ಪಾಸಿಟಿವ್. ಮಕ್ಕಳು ಅಪ್ಪನ ಪಾಸಿಟಿವ್ ಎತ್ತಿಕೊಂಡು ಬಂದಿವೆ. ಮೊದಲ ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪ ನಿಮ್ಮ ಮೈಗೆ ಸೇರಿರುತ್ತೆ. ಅದು ಹೊರಗಿನದು ಅಂತ ನಿಮ್ಮ ಮೈ ಗುರುತು ಇಟ್ಟುಕೊಂಡು, ಅದನ್ನ ಹೊಡೆಯೋ ಆಂಟಿಬಾಡಿ ತಯಾರು ಮಾಡಿಕೊಳ್ಳುತ್ತೆ. ಮುಂದಿನ ಮಗು ಅದೇ ರಕ್ತದ್ದಾದರೆ ಹೊಟ್ಟೆಯೊಳಗೇ ಅದರ ರಕ್ತ ಒಡೆಯೋಕೆ ಶುರು. ಹಳದಿ ಬರೋದು ಅದರಿಂದ."

"ಈ ಮಗೂಗೆ?" ಎಂದರು ನಮ್ಮವರು.

"ಇದಕ್ಕೂ ಶುರುವಾಗಿದೆ. ದಿನ ತುಂಬೋಕೆ ಬಿಡೋದಿಲ್ಲ, ಸ್ವಲ್ಪ ಮುಂಚೆಯೇ ಹೆರಿಗೆ ಮಾಡಿಸ್ತೀವಿ. ಹುಟ್ಟಿದ ಕೂಡಲೇ ಮಗುವಿನ ರಕ್ತ ತೆಗೆದು ಬೇರೆ ತುಂಬಬೇಕು. ಅದಕ್ಕೆ ಓ ನೆಗೆಟಿವ್ ರಕ್ತವೇ ಬೇಕು. ಅದು ಇಲ್ಲಿ ಸುಲಭಕ್ಕೆ ಸಿಗೋದಿಲ್ಲ. ಕೊಡುವವರನ್ನ ನೀವೇ ಹುಡುಕಿ ಇಟ್ಟುಕೊಳ್ಳಿ. ಸಿಗದಿದ್ದರೆ..."

ತಲೆ ತಗ್ಗಿಸಿ ಹೊರಗೆ ಬಂದೆ. ತಾಯಿಯ ಮೈ ಮಗುವನ್ನು ಹೊಡೆಯುತ್ತದೆ ಎಂಬುದನ್ನು ನಮ್ಮವರ ಎದುರಿಗೇ ಹೇಳಿದ್ದರು. ಗ್ರಹಣ ನೋಡಿದೆ ಎನ್ನಿಸಿಕೊಳ್ಳುವುದೇ ವಾಸಿಯಿತ್ತು ಅನ್ನಿಸಿತು. ಮನೆಯಲ್ಲಿ ಅತ್ತೆ ಕೇಳಿದಾಗ ನಮ್ಮವರು, "ರಕ್ತದ ಗುಂಪು ನೆಗೆಟಿವ್ ಅಂತೆ" ಎಂದಷ್ಟೇ ಹೇಳಿದರು. "ರಕ್ತ ಕಮ್ಮಿ ಐತೆ ಅನ್ನು. ಬೀಟ್‌ರೂಟು ತಗೊಂಬಾ ಮತ್ತೆ" ಎಂದರು ಅತ್ತೆ. ಆಮೇಲೆ ಮೂರು ಹೊತ್ತೂ ಬೀಟ್‌ರೂಟು. ಹೇಳಲು ನಾಚಿಕೆಯಾಗಿ ತಿಂದೆ.

ಗಂಡನ ಕಡೆಯವರೆಲ್ಲ ಹೋಗಿ ರಕ್ತ ತೋರಿಸಿ ಬಂದರು. ಅದನ್ನು ನಾನು ಮರೆಯುವಂತಿಲ್ಲ. ಮೈದುನರಿಬ್ಬರು ಅಂಗಡಿ ಬಾಗಿಲು ಹಾಕಿ ಹೋಗಿದ್ದರು. ಎಲ್ಲರದೂ ಪಾಸಿಟಿವ್. ಡಾಕ್ಟರು, "ನಿಮ್ಮ ಒಡಹುಟ್ಟಿದವರನ್ನ ಕೇಳಿ. ಸಿಗೋದಾದರೆ ಅಲ್ಲೇ ಸಿಗಬೇಕು" ಎಂದರು.

ನನಗೆ ಇದ್ದವರು ಇಬ್ಬರು. ಜಗಳೂರಿಗೆ ಕೊಟ್ಟ ಅಕ್ಕ, ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ತಮ್ಮ. ತಮ್ಮ ಭಾನುವಾರ ಹೊನ್ನಾಳಿಗೆ ಅವ್ವನ ಹತ್ತಿರ ಬರುತ್ತಾನೆಂದು ಅದೇ ದಿನ ನೋಡಿಕೊಂಡು ಹೋದೆ. ಅವನು ಊಟಕ್ಕೆ ಕೂತಿದ್ದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ವಿಷಯ ಹೇಳಿದೆ. ರೊಟ್ಟಿಯ ಸಪ್ಪಳ ನಿಂತಿತು.

"ಇವನ ರಕ್ತ ತೋರಿಸಾಕೆ?" ಎಂದಳು ಅವ್ವ. "ಮೊನ್ನೆ ತಾನೇ ಹೆಣ್ಣು ನೋಡಿ ಬಂದೀವಿ. ಇನ್ನೂ ಒಪ್ಪಿಗೆ ಹೇಳಿಲ್ಲ ಅವರು. ಈ ಹುಡುಗಂಗೂ ಅಕ್ಕನಂಗೆ ರಕ್ತ ಸರಿ ಇಲ್ಲ ಅಂತ ಅವರ ಕಿವಿಗೆ ಬಿದ್ರೆ?"

"ಗಂಡಸರಿಗೆ ಅದರಿಂದ ಏನೂ ಆಗಲ್ಲವಂತೆ ಅವ್ವ."

"ನಿನಗೆ ಡಾಕ್ಟ್ರು ಹೇಳ್ಯಾರೆ. ಅವರಿಗೆ ಯಾರು ಹೇಳ್ತಾರೆ?"

ತಮ್ಮ ರೊಟ್ಟಿಯ ಅಂಚನ್ನು ಸಣ್ಣಗೆ ಮುರಿಯುತ್ತಾ ಕೂತಿದ್ದ. "ನಂಗೆ ಸೂಜಿ ಅಂದ್ರೆ ಆಗಲ್ಲಕ್ಕ" ಎಂದ. ಅಷ್ಟೇ. ಅವನನ್ನು ಗದರಿಸಬಹುದಿತ್ತು, ಅವನ ಕಾಲು ಹಿಡಿಯಬಹುದಿತ್ತು. ನನಗೆ ಎರಡೂ ಬರಲಿಲ್ಲ. ಕೇಳಿದ್ದು ಸಿಗದಿದ್ದರೆ ಮತ್ತೆ ಕೇಳಬಾರದು ಎಂದು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಕಲಿಸಿದ್ದರು. ನಾನು ಏಳುತ್ತಿದ್ದಂತೆ ಅವ್ವ, ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಜಗಳೂರಿನವಳನ್ನ ಕೇಳು. ಅವಳು ಇನ್ನು ಕಳಕೊಳ್ಳೋದು ಏನೈತೆ?"

ಆ ಮಾತು ಕೇಳಿ ನನ್ನ ಮೈ ಮುದುಡಿತು. ಮುದುಡಿಕೊಂಡೇ ಮಾರನೆಯ ದಿನ ಜಗಳೂರಿನ ಬಸ್ಸು ಹತ್ತಿದೆ.

ಅಕ್ಕನ ಸುದ್ದಿ ನಮ್ಮ ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಆಡುತ್ತಿರಲಿಲ್ಲ. ಮೊದಲ ಬಸಿರು ಐದು ತಿಂಗಳಿಗೆ ಇಳಿದುಹೋಗಿತ್ತು. ಆಮೇಲೆ ಮೂರು ಹೆತ್ತಳು. ಮೂರೂ ಉಳಿಯಲಿಲ್ಲ. ಭಾವ ಇನ್ನೊಂದು ಮದುವೆಯಾದರು. ಅವರಿಗೆ ಒಂದರ ಹಿಂದೊಂದು ಮಕ್ಕಳಾದವು, ಅವುಗಳನ್ನು ಅಕ್ಕನೇ ಎತ್ತಿ ಆಡಿಸಿದಳು. ಅಷ್ಟಾಗಿಯೂ ನಮ್ಮ ಮನೆಯ ಕುಬಸ, ಸೀಮಂತಗಳಿಗೆ ಅವಳನ್ನು ಕರೆಯುತ್ತಿರಲಿಲ್ಲ. ಬಸುರಿಯ ಉಡಿ ತುಂಬುವುದಕ್ಕೆ ಮಕ್ಕಳು ಸತ್ತವಳು ಬರಬಾರದು. ನನ್ನ ಕುಬಸಕ್ಕೂ ಅವಳು ಬಂದಿರಲಿಲ್ಲ. ಈಗ ಅವಳ ರಕ್ತ ಕೇಳಲು ಹೋಗುತ್ತಿದ್ದೆ.

ಅಕ್ಕ ಅಂಗಳದಲ್ಲಿ ಶೇಂಗಾ ಕೇರುತ್ತಿದ್ದಳು. ಮೊರದ ಮೇಲಿಂದ ನನ್ನನ್ನೂ ನನ್ನ ಹೊಟ್ಟೆಯನ್ನೂ ನೋಡಿದಳು.

"ಬಾರೇ ಕಾನ್ವೆಂಟಮ್ಮ. ಏನು, ದಾರಿ ತಪ್ಪಿದ್ಯಾ?"

ನಾನು ಅವಳ ಪಕ್ಕ ಕೂತೆ. ನೀರು ಕೊಟ್ಟಳು, ಮಂಡಕ್ಕಿ ಕೊಟ್ಟಳು, ಕಾಲು ಊದಿದೆಯಲ್ಲೇ ಎಂದು ಮುಟ್ಟಿ ನೋಡಿದಳು. ನಾನು ಮಂಡಕ್ಕಿಯಲ್ಲಿನ ಮೆಣಸಿನಕಾಯಿ ಚೂರುಗಳನ್ನು ಒಂದು ಕಡೆ ಸೇರಿಸುತ್ತಾ, ಅವಳ ಮುಖ ನೋಡದೆ ಎಲ್ಲ ಹೇಳಿದೆ. ಕೊನೆಗೆ, "ಬೇಡ ಅಂದ್ರೆ ಬೇಡ ಅಕ್ಕ, ಬೇಜಾರಿಲ್ಲ" ಎಂದೆ.

"ಅಯ್ಯ, ಬೇಡ ಅಂತ ಯಾರಂದ್ರು?" ಎಂದಳು. "ನನ್ನಿಂದ ಒಂದು ಹನಿ ಹಾಲು ಕುಡಿದು ಬದುಕಿದ ಕೂಸಿಲ್ಲ. ರಕ್ತ ಕುಡಿದು ಬದುಕ್ತದಾ, ಬದುಕ್ಲಿ. ಆದ್ರೆ ನನ್ನ ರಕ್ತ ಹಾಕಿದ್ರೆ ನಿನ್ನ ಮಗು ನನ್ನಂಗೆ ಬಾಯಿಬಡುಕಿ ಆಗತೈತೆ ನೋಡು. ಆಮೇಲೆ ನಿಮ್ಮತ್ತೆ ನನ್ನ ಬೈಬಾರದು."

ಮೊರ ಬದಿಗಿಟ್ಟು ನಕ್ಕಳು. ನನಗೂ ನಗು ಬಂತು, ಅಳುವೂ ಬಂತು. ಅವಳ ಮನೆಯಲ್ಲಿ ಅವಳಷ್ಟು ಹಗುರವಾಗಿ ನಗುವವರು ಯಾರೂ ಇರಲಿಲ್ಲ.

ಡಾಕ್ಟರು ಹೇಳಿದ ದಿನ ಅಕ್ಕ ಒಬ್ಬಳೇ ದಾವಣಗೆರೆಗೆ ಬಂದಿಳಿದಳು. ತಲೆಗೆ ಎರೆದುಕೊಂಡು, ವಿಭೂತಿ ಹಚ್ಚಿಕೊಂಡು, ಮದುವೆಯ ಇಳಕಲ್ ಸೀರೆ ಉಟ್ಟಿದ್ದಳು. ಹಿಂದಿನ ದಿನದಿಂದ ಉಪವಾಸ. ರಕ್ತ ಕೊಡುವುದೆಂದರೆ ಹರಕೆ ಒಪ್ಪಿಸಿದ ಹಾಗೆ, ಖಾಲಿ ಹೊಟ್ಟೆಯಲ್ಲಿ ಕೊಡಬೇಕು ಎಂದು ಅವಳ ಲೆಕ್ಕ. ನರ್ಸು ಬೈದು, ಕ್ಯಾಂಟೀನಿನಿಂದ ಇಡ್ಲಿ ತರಿಸಿ ತಿನ್ನಿಸಿದಳು. "ದೇವರ ಕೆಲಸ ಅಂತ ಬಂದ್ರೆ ಇಡ್ಲಿ ತಿನ್ನಸ್ತಾರಲ್ಲೇ ಇವರು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಪರೀಕ್ಷೆಗೆಂದು ಸ್ವಲ್ಪ ರಕ್ತ ತೆಗೆದರು. ಮೊಣಕೈ ಮಡಚಿ ಹತ್ತಿ ಒತ್ತಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಬಿಡು ಎಂದರೂ ಬಹಳ ಹೊತ್ತು ಕೈ ಬಿಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸು ಬಂದು, "ನಿಮ್ಮದೂ ಓ ನೆಗೆಟಿವ್ ಕಣ್ರೀ, ನಿಮ್ಮ ತಂಗೀದೇ ಗುಂಪು" ಎಂದಾಗ ಅಕ್ಕ ಸುತ್ತಲಿದ್ದ ಹೆಂಗಸರನ್ನೆಲ್ಲ ಒಮ್ಮೆ ನೋಡಿದಳು. ಬಹುಮಾನ ಬಂದ ಹುಡುಗಿಯ ಹಾಗೆ.

ಮಧ್ಯಾಹ್ನ ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು.

"ನಿಮಗೆ ಮಕ್ಕಳೆಷ್ಟು?" ಎಂದು ಅಕ್ಕನನ್ನು ಕೇಳಿದರು.

ಯಾವ ಮಾತಿಗೂ ತಡವರಿಸದ ಅಕ್ಕ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ನಾನೇ ಹೇಳಿದೆ. ಹಳದಿಯಾಗಿದ್ದವೇ ಎಂದು ಕೇಳಿದರು. ಅಕ್ಕ ಹೂಂ ಎಂದಳು.

ಡಾಕ್ಟರು ಮೆಲ್ಲಗೆ ಬಿಡಿಸಿ ಹೇಳಿದರು. ಗುಂಪು ಸರಿಹೊಂದುತ್ತದೆ. ಆದರೆ ಅಕ್ಕನ ರಕ್ತದಲ್ಲಿ ನನ್ನಲ್ಲಿರುವ ಆಂಟಿಬಾಡಿಯೇ ಇದೆ, ಅದೂ ಬಹಳ ಇದೆ. ಆ ರಕ್ತವನ್ನು ನನ್ನ ಮಗುವಿಗೆ ಹಾಕಿದರೆ, ಯಾವುದನ್ನು ತೆಗೆಯಬೇಕೆಂದು ಇಷ್ಟೆಲ್ಲ ಮಾಡುತ್ತಿದ್ದೇವೋ ಅದನ್ನೇ ಮತ್ತೆ ತುಂಬಿದಂತೆ.

ಅಕ್ಕ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟನ್ನು ಒಂದು ಸಲ ತಿರುಗಿಸಿ ಇಟ್ಟಳು.

"ಅಂದ್ರೆ ನನ್ನ ಮೂರೂ ಕೂಸು ಇದಕ್ಕೇ ಹೋದವಾ?"

"ಹಾಗೇ ಅನ್ನಿಸುತ್ತಮ್ಮ. ಅದು ನಿಮ್ಮ ತಪ್ಪಲ್ಲ. ಗಂಡ ಹೆಂಡತಿಯ ರಕ್ತ ಹೊಂದಲಿಲ್ಲ. ನಿಮ್ಮ ಯಜಮಾನರದು ನೆಗೆಟಿವ್ ಆಗಿದ್ದರೆ ಅವು ಬದುಕುತ್ತಿದ್ದವು."

"ಆಗ ಮದ್ದು ಇತ್ತೇನ್ರೀ ಇದಕ್ಕೆ?"

"ನಮ್ಮ ಕಡೆ ಇನ್ನೂ ಬಂದಿರಲಿಲ್ಲ."

ನನಗೆ ಆ ಕೋಣೆಯಲ್ಲಿ ಕೂರುವುದೇ ಕಷ್ಟವಾಯಿತು. ಇಷ್ಟು ವರ್ಷ ತನ್ನ ಪಾಡಿಗೆ ತಾನು ನಗುತ್ತಾ ಇದ್ದವಳನ್ನು ಎಬ್ಬಿಸಿ ಕರೆತಂದು, ಮದುವೆಯ ಸೀರೆ ಉಡುವಂತೆ ಮಾಡಿ, ಇದನ್ನು ಕೇಳಿಸಿದ್ದೆ. ಏನೂ ಕಳೆದುಕೊಳ್ಳುವುದಿಲ್ಲ ಎಂದು ಅವ್ವ ಅಂದಿದ್ದಳು. ಕೊಡಲು ಒಂದಿದೆ ಎಂದು ಅಕ್ಕ ಬೆಳಗಿನಿಂದ ಅಂದುಕೊಂಡಿದ್ದಳಲ್ಲ, ಅದೂ ಹೋಯಿತು. ಕರ್ಚೀಫು ಬಾಯಿಗೆ ಒತ್ತಿಕೊಂಡೆ. ಆಗಲೂ ಅಳು ಯಾರಿಗೂ ಕೇಳಿಸಬಾರದೆಂದೇ ನನ್ನ ಚಿಂತೆ.

"ಇವಳ ಮಗೂಗೆ ಮತ್ಯಾರದು ಆಗತೈತೆ?" ಎಂದಳು ಅಕ್ಕ.

"ತಮ್ಮ ಇದ್ದಾನೆ ಅಂದಿದ್ರಲ್ಲ. ಗಂಡಸು ಹೆರೋದಿಲ್ಲ, ಅವನಲ್ಲಿ ಇದು ಇರೋದಿಲ್ಲ. ಗುಂಪು ಹೊಂದಿದರೆ ಅವನೊಬ್ಬನ ರಕ್ತ ಸಾಕು. ನಾಳೆ ನಾಡಿದ್ದರೊಳಗೆ ಹೆರಿಗೆ ಮಾಡಿಸಲೇಬೇಕು."

ಅಕ್ಕ ಎದ್ದು ಹೊರಗೆ ಬಂದಳು. "ನ್ಯಾಮತಿ ಬಸ್ಸು ಎಲ್ಲಿ ನಿಲ್ತದೆ?" ಎಂದು ನಮ್ಮವರನ್ನು ಕೇಳಿದಳು. ಅವರು ಜೊತೆಗೆ ಬರುತ್ತೇನೆಂದರೂ ಕೇಳಲಿಲ್ಲ. "ನೀವು ಅಳಿಯಂದ್ರು. ನಿಮ್ಮ ಎದುರಿಗೆ ಬೈಯಾಕೆ ಬರಲ್ಲ ನಂಗೆ."

ಅಲ್ಲಿ ನಡೆದದ್ದನ್ನು ತಮ್ಮ ಬಹಳ ವರ್ಷಗಳ ಮೇಲೆ ನಗುತ್ತಾ ಹೇಳಿದ. ಅಂಗಡಿ ತುಂಬ ಗೊಬ್ಬರ ಒಯ್ಯಲು ಬಂದ ಜನ. ಇಳಕಲ್ ಸೀರೆ ಉಟ್ಟ ಅಕ್ಕ ನೆಟ್ಟಗೆ ಹೋಗಿ ಯೂರಿಯಾ ಚೀಲದ ಮೇಲೆ ಕೂತು ಬಿಟ್ಟಳಂತೆ.

"ಏನಕ್ಕ, ಯಾವಾಗ ಬಂದೆ?"

"ನನ್ನ ಮೂರು ಮಕ್ಕಳು ಯಾಕೆ ಸತ್ತವು ಅಂತ ಇವತ್ತು ಗೊತ್ತಾತು. ಹೇಳಾಕೆ ಬಂದೆ. ಇಲ್ಲೇ ಹೇಳ್ಲಾ, ಇವರೆಲ್ಲ ಹೋದ ಮೇಲೆ ಹೇಳ್ಲಾ?"

"ಅಕ್ಕ, ಮೆಲ್ಲಗೆ..."

"ನಾಲ್ಕನೇದು ದಾವಣಗೆರೆಯಾಗೆ ಕಾಯ್ತಾ ಐತೆ. ನೀನು ಸೂಜಿಗೆ ಹೆದರ್ತೀ ಅಂತ ಅದಕ್ಕೆ ಗೊತ್ತಿಲ್ಲ. ನಡಿ."

ತಮ್ಮ ಬಾಗಿಲು ಹಾಕಿಕೊಂಡು ಬಂದ. ಅವನದು ಓ ನೆಗೆಟಿವ್. ಅವನೊಳಗೆ ಆಂಟಿಬಾಡಿ ಇರಲಿಲ್ಲ. ಸೂಜಿ ಕಂಡ ಕೂಡಲೇ ಬೆವತ. ಅಕ್ಕ ಅವನ ಗದ್ದ ಹಿಡಿದು ಗೋಡೆಯ ಕಡೆ ತಿರುಗಿಸಿ, "ಆ ಕ್ಯಾಲೆಂಡರ್ ನೋಡು. ಮದುವೆಗೆ ಒಳ್ಳೇ ದಿನ ಯಾವುದೈತೆ ಹುಡುಕು" ಎನ್ನುತ್ತಾ ನಿಂತಳು. ಗಾಜಿನ ಬಾಟಲಿ ತುಂಬುವವರೆಗೂ ಅವಳು ಅಲ್ಲಾಡಲಿಲ್ಲ. ಹೆಣ್ಣಿನ ಕಡೆಯವರು ಮುಂದೆ ಒಪ್ಪಿದರು. ಅವನ ರಕ್ತದ ಮಾತನ್ನು ಅವರು ಯಾವತ್ತೂ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಹೆಣ್ಣುಮಗು ಹುಟ್ಟಿತು. ಬಣ್ಣ ಆಗಲೇ ತಿರುಗುತ್ತಿತ್ತಂತೆ. ನನಗೆ ತೋರಿಸದೆ ಒಯ್ದರು. ಹೊಕ್ಕುಳಿನಲ್ಲಿ ಸಣ್ಣ ಕೊಳವೆ ಇಟ್ಟು ಒಂದು ಸಿರಿಂಜು ರಕ್ತ ತೆಗೆಯುವುದು, ಅಷ್ಟೇ ಹೊಸದು ಹಾಕುವುದು, ಹೀಗೆ ಗಂಟೆಗಟ್ಟಲೆ ನಡೆಯಿತು. ಅಕ್ಕ ಬಾಗಿಲಿನ ಗಾಜಿನಲ್ಲಿ ಇಣುಕಿ ನೋಡಿ ಬಂದು ಬಂದು ನನಗೆ ಹೇಳುತ್ತಿದ್ದಳು. "ತೆಗದ್ರು. ಹಾಕಿದ್ರು. ಕಾಲು ಜಾಡಿಸ್ತು. ನಿನ್ನ ತಮ್ಮನ ರಕ್ತ ಅಲ್ವಾ, ಸೂಜಿ ಕಂಡ್ರೆ ಜಾಡಿಸೇ ಜಾಡಿಸ್ತದೆ."

ಮಗು ಉಳಿಯಿತು. ಹಳದಿ ಇಳಿಯಲು ದಿನಗಳು ಬೇಕಾದವು. ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಹೆಬ್ಬೆರಳಿನಿಂದ ರೆಪ್ಪೆಯನ್ನು ಹಗುರಾಗಿ ಎತ್ತಿ ನೋಡಿದಳು. "ಬೆಳ್ಳಗೈತೆ ಕಣೇ" ಎಂದಳು. ಇನ್ನೊಂದು ಕಣ್ಣನ್ನೂ ನೋಡಿದಳು. ಆಮೇಲೆ ಮಗುವನ್ನು ನನ್ನ ಪಕ್ಕಕ್ಕೆ ಮಲಗಿಸಿ, ತನ್ನ ಚೀಲ ಕಟ್ಟುತ್ತಾ, ನನ್ನ ಕಡೆ ನೋಡದೆ ಕೇಳಿದಳು:

"ಡಾಕ್ಟ್ರು ನಂಗೆ ಹೇಳಿದ್ದನ್ನ ಒಂದ್ಸಲ ಜಗಳೂರಿಗೆ ಬಂದು ನಿಮ್ಮ ಭಾವನ ಎದುರಿಗೆ ಹೇಳ್ತೀಯಾ? ನಾನು ಹೇಳಿದ್ರೆ ನಂಬಲ್ಲ. ನೀನು ಓದಿದಾಕೆ."

ಅಕ್ಕ ನನ್ನನ್ನು ಕೇಳಿದ್ದು ಅದೊಂದೇ. ಬರುತ್ತೇನೆ ಅಂದೆ. ಮಗುವಿಗೆ ಕತ್ತು ನಿಂತ ಮೇಲೆ ಹೋದೆ.

ಭಾವ ಕೆಟ್ಟವರಲ್ಲ. ಮಗುವನ್ನು ಎತ್ತಿಕೊಂಡರು, ಕೈಗೆ ಬೆಳ್ಳಿಯ ಕಡಗ ತೊಡಿಸಿದರು. ಊಟವಾದ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತರು. ಅವರ ಎರಡನೆಯ ಹೆಂಡತಿ ಬಾಗಿಲ ಹತ್ತಿರ, ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಸೆರಗು ಸರಿಮಾಡಿಕೊಂಡು ಶುರುಮಾಡಿದೆ. ಅಕ್ಕನ ರಕ್ತದ ಗುಂಪು ನೆಗೆಟಿವ್ ಅಂತ, ಮಕ್ಕಳು ಅದಕ್ಕೇ ಉಳಿಯಲಿಲ್ಲ ಅಂತ, ಅದು ಅಕ್ಕನ ತಪ್ಪಲ್ಲ ಅಂತ.

ಭಾವ ತಲೆದೂಗಿದರು. "ಅಂದ್ರೆ ಇವಳ ರಕ್ತದಾಗೇ ದೋಷ ಇತ್ತು. ನಾವೂ ಅದನ್ನೇ ಅಂದಿದ್ದು. ಅವಾಗ ದೆವ್ವ ಅಂದ್ವಿ, ಈಗ ಡಾಕ್ಟ್ರು ರಕ್ತ ಅಂತಾರೆ. ಪಾಪ, ಅವಳಾದ್ರೂ ಏನು ಮಾಡ್ತಾಳೆ."

ಉಳಿದರ್ಧ ನನ್ನ ನಾಲಿಗೆಯ ಮೇಲಿತ್ತು. ಮಕ್ಕಳು ನಿಮ್ಮ ರಕ್ತ ಎತ್ತಿಕೊಂಡು ಬಂದಿದ್ದರಿಂದಲೇ ಹೋದವು, ನಿಮ್ಮದೂ ಅವಳಂಥದೇ ಆಗಿದ್ದರೆ ಬದುಕುತ್ತಿದ್ದವು, ಹಾಗೆಂದು ಯಾರದೂ ದೋಷವಲ್ಲ. ಇಷ್ಟೇ ಹೇಳಬೇಕಿತ್ತು. ಆದರೆ ಅಕ್ಕನ ಗಂಡನಿಗೆ, ಅವರ ಮನೆಯಲ್ಲೇ ಉಂಡು ಕೂತು, ನಿಮ್ಮ ರಕ್ತವೂ ಎನ್ನುವುದು ಹೇಗೆ? ಹೊರಗೆ ಅವರ ಮಕ್ಕಳು ಗೋಲಿ ಆಡುತ್ತಿದ್ದವು, ಗಟ್ಟಿಮುಟ್ಟು, ಅವರ ಕಡೆಯ ಸಾಕ್ಷಿಯ ಹಾಗೆ. ನಾನು ಮಗುವಿನ ಟೋಪಿಯ ದಾರ ಬಿಚ್ಚಿ ಕಟ್ಟಿದೆ.

"ಗಂಡನ ರಕ್ತದ ಮಾತೂ ಹೇಳಿದ್ರಲ್ಲೇ ಡಾಕ್ಟ್ರು" ಎಂದಳು ಅಕ್ಕ ಹೊಸ್ತಿಲಿನಿಂದ.

"ಹೂಂ. ಹಂಗೂ ಅಂದ್ರು" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಲೇಡಿ ಡಾಕ್ಟ್ರಲ್ವಾ, ಹೆಂಗಸರ ಕಡೇನೇ ಹೇಳ್ತಾರೆ" ಎಂದು ಭಾವ ನಕ್ಕರು. ಅವರ ಹೆಂಡತಿಯೂ ನಕ್ಕಳು. ನಾನು ತಲೆ ಎತ್ತಲಿಲ್ಲ, ಆದರೆ ನನ್ನ ತುಟಿಯೂ ನಕ್ಕ ಹಾಗೆ ಬಿರಿದದ್ದು ನನಗೆ ಗೊತ್ತು. ಅದು ಅಭ್ಯಾಸ. ದೊಡ್ಡವರು ನಕ್ಕಾಗ ಮುಖ ಗಂಟು ಹಾಕಿಕೊಂಡು ಕೂರಬಾರದು.

ಅಕ್ಕ ಒಳಗೆ ಹೋಗಿ ಪಾತ್ರೆ ತೊಳೆದಳು. ಸಂಜೆ ಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ದಾರಿಯಲ್ಲಿ ಕಂಡವರಿಗೆಲ್ಲ "ನನ್ನ ತಂಗಿ ಮಗಳು" ಎಂದು ತೋರಿಸಿದಳು. ಬಸ್ಸು ಬಂತು. ನಾನು ಒಳಗೆ ಸೀಟು ಹಿಡಿದ ಮೇಲೆ ಮಗುವನ್ನು ಕಿಟಕಿಯಿಂದ ಕೊಟ್ಟಳು.

"ಅಕ್ಕ, ನಾನು ಸರಿಯಾಗಿ..."

"ಬಿಡು, ಮಗೂಗೆ ಗಾಳಿ ಬಡಿತದೆ. ಕಿಟಕಿ ಹಾಕ್ಕೋ" ಎಂದಳು.

ಕಿಟಕಿಯ ತಗಡು ಎಳೆದೆ. ಅದು ಬಿಗಿಯಾಗಿತ್ತು, ಅರ್ಧಕ್ಕೇ ನಿಂತಿತು. ಆ ಅರ್ಧದಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ಕೈಗಳು ಮಾತ್ರ ಕಾಣುತ್ತಿದ್ದವು. ಬಗ್ಗಿದ್ದರೆ ಮುಖವೂ ಕಾಣುತ್ತಿತ್ತು. ನಾನು ಬಗ್ಗಲಿಲ್ಲ.